ಲಾಲ್‌ಬಾಗ್ ಯಾರ ಖಾಲಿ ಸೈಟೂ ಅಲ್ಲ

"ರಸ್ತೆ ನೆಲದೊಳಗೆ ಹೋಗುತ್ತೆ, ಮೇಲಿನ ಪಾರ್ಕಿಗೆ ಏನೂ ಆಗಲ್ಲ." ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಬಗ್ಗೆ ಯಾರು ಬಾಯಿ ಬಿಟ್ಟರೂ ಇದೇ ಮಾತು. ಕೇಳಿ ಕೇಳಿ ಮೈ ಉರಿಯುತ್ತಿದೆ. ಸುಮಾರು ಹದಿನೇಳು ಕಿಲೋಮೀಟರ್ ಉದ್ದ, 17,000 ಕೋಟಿಗೂ ಮೀರಿದ ಖರ್ಚು, ನಡುವೆ ಮೇಖ್ರಿ ಸರ್ಕಲ್, ರೇಸ್‌ಕೋರ್ಸ್, ಲಾಲ್‌ಬಾಗ್ ಕಡೆ ಹತ್ತಿ ಇಳಿಯೋ ದಾರಿಗಳು, ಅಂದರೆ ರ‍್ಯಾಂಪುಗಳು. 2025ರಲ್ಲಿ ಲಾಲ್‌ಬಾಗ್‌ನ ಆರು ಎಕರೆ ಬೇಕು ಅನ್ನೋ ವಿಷಯ ಹೊರಬಿದ್ದು ಜನ ಬೀದಿಗೆ ಬಂದ ಮೇಲೆ, ಬೇರೆ ಜಾಗ ನೋಡ್ತೀವಿ ಅನ್ನೋ ಮಾತು ಶುರುವಾಯಿತು. ನೆಲದೊಳಗೆ ಹೋಗೋ ರಸ್ತೆಗೆ ನೆಲದ ಮೇಲೆ ಆರು ಎಕರೆ ಯಾಕೆ ಬೇಕಾಗಿತ್ತು? ಇದಕ್ಕೆ ನೇರವಾಗಿ ಉತ್ತರ ಕೊಟ್ಟವರಿಲ್ಲ. ಲೆಕ್ಕ ಹಾಕಿದರೆ ಉತ್ತರ ತಾನೇ ಸಿಗುತ್ತೆ.

ಸುರಂಗ 30 ಮೀಟರ್ ಆಳದಲ್ಲಿದೆ ಅಂತ ಇಟ್ಟುಕೊಳ್ಳಿ. ಕಾರುಗಳು ಉಸಿರುಗಟ್ಟದೆ ಮೇಲೆ ಬರಬೇಕಾದರೆ ಏರು 100 ಮೀಟರಿಗೆ 5 ಮೀಟರ್ ದಾಟಬಾರದು. ಅಂದರೆ ರ‍್ಯಾಂಪಿನ ಉದ್ದ 600 ಮೀಟರ್. ಅದರಲ್ಲಿ ಕೊನೆಯ 200 ಮೀಟರ್ ಬರೋ ಹೊತ್ತಿಗೆ ರಸ್ತೆಯಿಂದ ನೆಲಕ್ಕೆ 10 ಮೀಟರ್ ಕೂಡ ಉಳಿದಿರಲ್ಲ. ಅಷ್ಟು ತೆಳುವಾದ ಮಣ್ಣಿನ ಕೆಳಗೆ ಇಷ್ಟು ಅಗಲದ ಸುರಂಗ ಕೊರೆಯೋಕೆ ಆಗಲ್ಲ. ಮೇಲಿಂದಲೇ ಸೀಳಿ, ಗೋಡೆ ಕಟ್ಟಿ, ಆಮೇಲೆ ಮುಚ್ಚಬೇಕು. ಎರಡು ಪಥ, ಅಂಚು, ಗೋಡೆ ಸೇರಿ 11 ಮೀಟರ್ ಅಗಲ. ಕ್ರೇನ್ ಓಡಾಡೋಕೆ, ಟಿಪ್ಪರ್ ತಿರುಗಿಸೋಕೆ ಎರಡೂ ಕಡೆ ಜಾಗ ಬಿಟ್ಟರೆ 30 ಮೀಟರ್. 200ಕ್ಕೆ 30 ಗುಣಿಸಿದರೆ 6,000 ಚದರ ಮೀಟರ್, ಹತ್ತಿರ ಹತ್ತಿರ ಒಂದೂವರೆ ಎಕರೆ. ಹತ್ತೋದಕ್ಕೊಂದು, ಇಳಿಯೋದಕ್ಕೊಂದು ಅಂದರೆ ಮೂರು ಎಕರೆ. ಯಂತ್ರ ಇಳಿಸೋ ಬಾವಿ, ಕಲ್ಲುಮಣ್ಣು ರಾಶಿ ಹಾಕೋ ಗುಂಡಿ, ಕಾಂಕ್ರೀಟ್ ಪ್ಲಾಂಟು, ಜನರೇಟರು, ಶೆಡ್ಡು ಎಲ್ಲ ಸೇರಿಸಿ. ಆರು ಎಕರೆ ಬಂತಲ್ಲ!

ಇದೆಲ್ಲ ತಾತ್ಕಾಲಿಕ, ಕೆಲಸ ಮುಗಿದ ಮೇಲೆ ವಾಪಸ್ ಕೊಡ್ತೀವಿ ಅನ್ನೋದು ಎರಡನೇ ಸುಳ್ಳು. ವಾಪಸ್ ಬರೋದು ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ಒಂದು ಮೀಟರ್ ಮಣ್ಣು. ಅದರಲ್ಲಿ ಹುಲ್ಲು ಬೆಳೆಯುತ್ತೆ, ದಾಸವಾಳ ಬೆಳೆಯುತ್ತೆ. ಬೂರುಗ ಬೆಳೆಯಲ್ಲ, ಮಾವು ಬೆಳೆಯಲ್ಲ. ಪಕ್ಕದ ಜಾಗದಲ್ಲಿ ನಾಲ್ಕೈದು ವರ್ಷ ಟಿಪ್ಪರ್ ಓಡಿದ ಮೇಲೆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತೆ. ಮಳೆ ನೀರು ಇಂಗಲ್ಲ, ಬೇರಿಗೆ ಗಾಳಿ ಹೋಗಲ್ಲ. ಇದರ ಜೊತೆಗೆ ಕಾರಿನ ಹೊಗೆ ಎಳೆದು ಹೊರಹಾಕೋ ಗಾಳಿ ಗೋಪುರ, ಬೆಂಕಿ ಬಿದ್ದರೆ ಜನ ಹತ್ತಿ ಬರೋ ಬಾಗಿಲು ಎಲ್ಲೋ ಒಂದು ಕಡೆ ನೆಲದ ಮೇಲೇ ಏಳಬೇಕು. ಅದು ಎಲ್ಲಿ ಅಂತ ನಕ್ಷೆ ತೋರಿಸಿ ಹೇಳಿ ನೋಡೋಣ.

ಪಾರ್ಕೇ ಯಾಕೆ ಕಣ್ಣಿಗೆ ಬೀಳುತ್ತೆ? ಪುಕ್ಕಟೆ ಅನ್ನೋದಕ್ಕೆ. ಜಯನಗರದಲ್ಲೋ ವಿಲ್ಸನ್ ಗಾರ್ಡನ್‌ನಲ್ಲೋ ಒಂದು ಎಕರೆ ಮನೆಗಳನ್ನು ತೆಗೆದುಕೊಳ್ಳಬೇಕು ಅಂದರೆ 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ನಗರದಲ್ಲಿ ಮಾರುಕಟ್ಟೆ ಬೆಲೆ, ಅದರ ಮೇಲೆ ಅಷ್ಟೇ ಪರಿಹಾರ, ಒಟ್ಟು ಎರಡು ಪಟ್ಟು ಕೊಡಬೇಕು. ಮನೆಯವರು ಕೋರ್ಟಿಗೆ ಹೋಗ್ತಾರೆ, ವರ್ಷಗಟ್ಟಲೆ ಎಳೆಯುತ್ತೆ. ಪಾರ್ಕಿನಲ್ಲಿ ಖಾತೆದಾರರಿಲ್ಲ, ಮತದಾರರ ಪಟ್ಟಿಯಲ್ಲಿ ಮರಗಳ ಹೆಸರಿಲ್ಲ. ಒಂದು ಇಲಾಖೆಯಿಂದ ಇನ್ನೊಂದಕ್ಕೆ ಕಡತ ಹೋದರೆ ಕೆಲಸ ಆಯಿತು. ಇಂಥ ಲೆಕ್ಕದಲ್ಲಿ ಲಾಲ್‌ಬಾಗ್‌ನ ನೆಲಕ್ಕೆ ಬೆಲೆ ಸೊನ್ನೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಕ್ಯಾಮೆರಾನ್, ಕ್ರುಂಬಿಗಲ್, ಮರಿಗೌಡರಂಥವರು ಒಬ್ಬರ ನಂತರ ಒಬ್ಬರು ಬೀಜ ತರಿಸಿ ನೆಟ್ಟು ಉಳಿಸಿದ 240 ಎಕರೆ. ಅದರ ಬೆಲೆ ಸೊನ್ನೆ!

1975ರ ಸರ್ಕಾರಿ ಉದ್ಯಾನವನ ಸಂರಕ್ಷಣೆ ಕಾಯ್ದೆ ಬಂದಿದ್ದೇ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಥರದ ಜಾಗಗಳನ್ನು ಯಾರೂ ಮಾರಬಾರದು, ಪರಭಾರೆ ಮಾಡಬಾರದು ಅಂತ. ಕಾಯ್ದೆ ಅಡ್ಡ ಬಂದಾಗ ಕಾಯ್ದೆಯನ್ನೇ ತಿದ್ದೋದು ನಮ್ಮಲ್ಲಿ ಹೊಸದಲ್ಲ. 2009ರಲ್ಲಿ ಮೆಟ್ರೊ ಬಂದಾಗ ನಂದಾ ರಸ್ತೆಯ ಲಕ್ಷ್ಮಣರಾವ್ ಉದ್ಯಾನದ ಗತಿ ಏನಾಯಿತು? ಹೋಗಿ ನೋಡಿ. ನೆರಳಿನ ಸಾಲು ಇದ್ದ ಕಡೆ ಕಂಬದ ಸಾಲು. ಮೆಟ್ರೊ ಜನರನ್ನಾದರೂ ಹೊರುತ್ತೆ. ಈ ಸುರಂಗ ಯಾರನ್ನು ಹೊರುತ್ತೆ?

ಕಾರಿನವರನ್ನು ಮಾತ್ರ, ಅದೂ ಟೋಲ್ ಕೊಟ್ಟವರನ್ನು. ಬೈಕು, ಸ್ಕೂಟರು, ಆಟೊ ಒಳಗೆ ಬಿಡೋ ಯೋಚನೆಯೇ ಇಲ್ಲ. ಈ ಊರಿನ ಗಾಡಿಗಳಲ್ಲಿ ಮೂರಕ್ಕೆ ಎರಡು ಪಾಲು ಇರೋದು ದ್ವಿಚಕ್ರ. ಒಂದು ಪಥದಲ್ಲಿ ಎಲ್ಲ ಸರಿಯಾಗಿದ್ದರೆ ಗಂಟೆಗೆ ಹೆಚ್ಚೆಂದರೆ 2,000 ಕಾರು ಹೋಗಬಹುದು. ಒಂದು ದಿಕ್ಕಿನ ಮೂರು ಪಥಕ್ಕೆ 6,000. ಕಾರಿಗೆ ಸರಾಸರಿ ಒಂದೂವರೆ ಜನ ಅಂದರೆ 9,000 ಜನ. ಆರು ಬೋಗಿಯ ಮೆಟ್ರೊ ರೈಲೊಂದರಲ್ಲಿ ಒಂದೂವರೆ ಸಾವಿರ ಜನ ಹಿಡಿಯುತ್ತಾರೆ. ಐದು ನಿಮಿಷಕ್ಕೊಂದು ಬಿಟ್ಟರೂ ಒಂದು ದಿಕ್ಕಿಗೆ 18,000. ಹೆಬ್ಬಾಳದಿಂದ ಸರ್ಜಾಪುರಕ್ಕೆ ಮೆಟ್ರೊ ಮಾರ್ಗದ ಪ್ರಸ್ತಾವ ಇರೋವಾಗ ಅದನ್ನು ಮೊದಲು ಮುಗಿಸೋದು ಬಿಟ್ಟು ಕಾರಿಗೆ ಸುರಂಗ ತೋಡುವ ಅವಸರ ಯಾಕೆ?

ಇನ್ನು ಕಾರು ಲಾಲ್‌ಬಾಗ್ ಹತ್ತಿರ ಮೇಲೆ ಬಂದ ಮೇಲೆ ಎಲ್ಲಿಗೆ ಹೋಗುತ್ತೆ? ಅಶೋಕ ಪಿಲ್ಲರ್, ಸಿದ್ದಾಪುರ, ಸೌತ್ ಎಂಡ್ ಸಿಗ್ನಲ್‌ಗಳಿಗೇ ಬಂದು ನಿಲ್ಲಬೇಕು. ರ‍್ಯಾಂಪಿನಿಂದ ಗಂಟೆಗೆ 1,500 ಕಾರು ಬಂತು ಅನ್ನಿ. ಸಿಗ್ನಲ್‌ನಲ್ಲಿ ಆ ಕಡೆಗೆ ಮೂರರಲ್ಲಿ ಒಂದು ಪಾಲು ಹಸಿರು ಸಿಕ್ಕರೆ ಒಂದು ಪಥದಲ್ಲಿ 600 ಹೋಗುತ್ತೆ, ಎರಡು ಪಥ ಕೊಟ್ಟರೆ 1,200. ಒಂದೇ ಗಂಟೆಯಲ್ಲಿ 300 ಕಾರು ಉಳಿಯಿತು. ಕಾರಿಗೆ 6 ಮೀಟರಿನಂತೆ 1,800 ಮೀಟರ್. ಎರಡು ಸಾಲಾಗಿ ನಿಂತರೂ 900. ರ‍್ಯಾಂಪಿನ ಉದ್ದವೇ 600. ಉಳಿದ ಸಾಲು ಸುರಂಗದೊಳಗೆ, ಎಂಜಿನ್ ಓಡುತ್ತಾ, ಹೊಗೆ ಕಾರುತ್ತಾ ನಿಂತಿರುತ್ತೆ. ಜಾಮ್ ಕಮ್ಮಿಯಾಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ.

ಕೆಳಗಿನ ಬಂಡೆಯ ವಿಷಯ. ಕೆಂಪೇಗೌಡ ಗೋಪುರ ನಿಂತಿರೋ ಆ ಗುಡ್ಡ ಸುಮಾರು 300 ಕೋಟಿ ವರ್ಷದ, ನೈಸ್ (gneiss) ಅನ್ನೋ ಜಾತಿಯ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂಡೆ ಗಟ್ಟಿ, ಆದ್ದರಿಂದ ಸುರಂಗಕ್ಕೆ ಒಳ್ಳೇದು ಅಂತಾರೆ. ಬೆಂಗಳೂರಿನ ನೆಲ ಹಾಗೆ ಒಂದೇ ಸಮ ಇಲ್ಲ. ಇಲ್ಲಿ ಗಟ್ಟಿ ಕಲ್ಲು, ಹತ್ತು ಹೆಜ್ಜೆ ಆಚೆ ಕೊಳೆತ ಕಲ್ಲು, ಅದರ ನಡುವೆ ಮಣ್ಣಲ್ಲಿ ಹುದುಗಿದ ಗುಂಡುಕಲ್ಲು. ಯಂತ್ರದ ಮುಖ ಅರ್ಧ ಕಲ್ಲಿಗೆ, ಅರ್ಧ ಮಣ್ಣಿಗೆ ಸಿಕ್ಕಾಗ ಮಣ್ಣಿನ ಕಡೆ ಹೆಚ್ಚು ಕುಸಿದು ಒಳಗೆ ಬರುತ್ತೆ, ಮೇಲೆ ಗುಳಿ ಬೀಳುತ್ತೆ. ಮೆಟ್ರೊ ಸುರಂಗದ ಕಾಲದಲ್ಲಿ, 2023ರ ಜನವರಿಯಲ್ಲಿ, ಬ್ರಿಗೇಡ್ ರಸ್ತೆ ಕಡೆ ರಸ್ತೆ ಬಾಯ್ಬಿಟ್ಟು ಬೈಕ್ ಸವಾರ ಬಿದ್ದಿದ್ದು ಮರೆತುಹೋಯಿತೇ? ಆ ಯಂತ್ರಗಳ ಮುಖದ ಅಗಲ ಆರೂವರೆ ಮೀಟರ್ ಆಸುಪಾಸು. ಮೂರು ಪಥದ ರಸ್ತೆಗೆ 14 ಮೀಟರಾದರೂ ಬೇಕು, ಅಂದರೆ ಬಾಯಿಯ ವಿಸ್ತೀರ್ಣ ನಾಲ್ಕೂವರೆ ಪಟ್ಟು. ಹಾಗೆ ಎರಡು ಕೊಳವೆ ಕೊರೆದರೆ ಹೊರಬರೋ ಕಲ್ಲುಮಣ್ಣು 50 ಲಕ್ಷ ಘನ ಮೀಟರ್, ಸಡಿಲವಾದ ಮೇಲೆ ಅದರ ಒಂದೂವರೆ ಪಟ್ಟು. ಐದಾರು ಲಕ್ಷ ಟಿಪ್ಪರ್ ಲೋಡು. ಯಾವ ಕೆರೆಯ ಅಂಗಳಕ್ಕೆ ಸುರೀತಾರೆ ಅಂತ ಈಗಲೇ ಕೇಳಬೇಕು. ಬಾವಿಯೊಳಗೆ ನೀರು ನಿಲ್ಲದ ಹಾಗೆ ಹಗಲೂ ರಾತ್ರಿ ಪಂಪ್ ಓಡಿಸಬೇಕು. ಆಗ ಸುತ್ತಲಿನ ಅಂತರ್ಜಲ ಇಳಿಯುತ್ತೆ. ಕಡಿಯದೇ ಬಿಟ್ಟ ಮರಗಳೂ ಎರಡು ಬೇಸಿಗೆ ಕಳೆದ ಮೇಲೆ ತುದಿಯಿಂದ ಒಣಗಬಹುದು. ಹಾಗೆ ಸತ್ತದ್ದು ಯಾವ ಪಟ್ಟಿಗೂ ಸೇರಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸೋ ಮಾತು: "ಮರ ಕಡಿಯಲ್ಲ, ಬೇರೆ ಕಡೆ ಸ್ಥಳಾಂತರ ಮಾಡ್ತೀವಿ." ಮರ ಸ್ಥಳಾಂತರ ಅಂದರೆ ಏನು ಅಂತ ಗೊತ್ತಿದ್ದವರು ಈ ಮಾತು ಆಡಲ್ಲ.

ಸರಿಯಾಗಿ ಮಾಡೋ ಕ್ರಮ ಇದು. ಕಾಂಡದ ದಪ್ಪದ ಹತ್ತು ಪಟ್ಟು ಅಗಲಕ್ಕೆ ಸುತ್ತ ಕಾಲುವೆ ತೋಡಬೇಕು. ಅದನ್ನೂ ಒಂದೇ ಸಲ ಅಲ್ಲ. ಮೊದಲು ಎದುರುಬದುರು ಎರಡು ಕಡೆ ಬೇರು ಕತ್ತರಿಸಿ, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಹೊಸ ಬೇರು ಬರೋವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಉಳಿದೆರಡು ಕಡೆ. ಕೊನೆಗೆ ಬೇರಿನ ಗಡ್ಡೆಯನ್ನು ಗೋಣಿತಾಟಿನಲ್ಲಿ ಬಿಗಿಯಾಗಿ ಸುತ್ತಿ, ಹಗ್ಗ ಹೆಣೆದು, ತಳ ಬಿಡಿಸಿ, ಗಡ್ಡೆಗೆ ಪಟ್ಟಿ ಹಾಕಿ ಎತ್ತಬೇಕು. ಅದೇ ದಿನ ಹೊಸ ಗುಂಡಿಗೆ ಇಳಿಸಿ, ಗಾಳಿ ಪೊಳ್ಳು ಉಳಿಯದಂತೆ ನೀರು ಬಿಡುತ್ತಾ ಮಣ್ಣು ತುಂಬಬೇಕು. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲವಾದರೂ ನೂರಿನ್ನೂರು ಲೀಟರ್ ನೀರು ಹಾಕಬೇಕು.

ಈಗ ಲಾಲ್‌ಬಾಗ್‌ನ ಒಂದು ಮರ ತೆಗೆದುಕೊಳ್ಳಿ. ಕಾಂಡದ ದಪ್ಪ 60 ಸೆಂಟಿಮೀಟರ್, ಒಬ್ಬರು ತಬ್ಬಿದರೆ ಬೆರಳ ತುದಿ ಸೇರಲ್ಲ. ಅಲ್ಲಿ ಇದು ದೊಡ್ಡ ಮರವೇ ಅಲ್ಲ. ಹತ್ತು ಪಟ್ಟು ಅಂದರೆ ಗಡ್ಡೆಯ ಅಗಲ 6 ಮೀಟರ್. ಒಂದೇ ಮೀಟರ್ ಆಳಕ್ಕೆ ತೆಗೆದರೂ 28 ಘನ ಮೀಟರ್ ಮಣ್ಣು, ತೂಕ 45ರಿಂದ 50 ಟನ್. ರಸ್ತೆ ಮೇಲೆ ಓಡೋ ಲಾರಿಯ ಅಗಲ ಎರಡೂವರೆ ಮೀಟರ್. ಹಾಗಾಗಿ ಏನು ಮಾಡ್ತಾರೆ? ಜೆಸಿಬಿಯಲ್ಲಿ ಒಂದು ದಿನದಲ್ಲಿ 2 ಮೀಟರ್ ಗಡ್ಡೆ ಕೆತ್ತುತ್ತಾರೆ. ಮೂರನೇ ಒಂದು ಅಗಲ ಅಂದರೆ ಬೇರು ಹರಡಿದ ನೆಲದ ಒಂಬತ್ತರಲ್ಲಿ ಒಂದೇ ಪಾಲು. ಎಂಟು ಪಾಲು ಬೇರು ಅಲ್ಲೇ ತುಂಡಾಗಿ ಉಳಿಯಿತು. ಕರೆಂಟ್ ತಂತಿಗೆ ತಾಗದಿರಲಿ ಅಂತ ಕೊಂಬೆಯೆಲ್ಲ ಬೋಳಿಸುತ್ತಾರೆ. ಕಾಂಡಕ್ಕೇ ಸರಪಳಿ ಸುತ್ತಿ ಎತ್ತುವಾಗ ತೊಗಟೆ ಸುತ್ತಲೂ ಸುಲಿದುಹೋಗುತ್ತೆ. ಎಲೆ ಮಾಡಿದ ಆಹಾರ ಬೇರಿಗಿಳಿಯೋ ದಾರಿ ಅದೇ ತೊಗಟೆ.

ನೆಟ್ಟ ಎರಡು ತಿಂಗಳಿಗೆ ಕತ್ತರಿಸಿದ ತುದಿಯಲ್ಲಿ ತಿಳಿಹಸಿರು ಚಿಗುರು ಬರುತ್ತೆ. ಫೋಟೊ ತೆಗೆಸಿ "ಬದುಕಿತು" ಅಂತ ಹಾಕಿಬಿಡ್ತಾರೆ. ಅದು ಕಾಂಡದಲ್ಲಿ ಉಳಿದಿದ್ದ ಸತ್ವ ಉಕ್ಕಿ ಬಂದದ್ದು, ಬೇರು ಹಿಡಿದದ್ದಲ್ಲ. ಮಾರ್ಚ್ ಬಿಸಿಲಿಗೆ ಆ ಚಿಗುರು ಜೋತು ಬೀಳುತ್ತೆ, ಟ್ಯಾಂಕರ್ ಗುತ್ತಿಗೆ ಅಷ್ಟರಲ್ಲಿ ಮುಗಿದಿರುತ್ತೆ. ಆಲ, ಅರಳಿ, ಅತ್ತಿ ಜಾತಿಯವು ಇಷ್ಟೆಲ್ಲ ಹಿಂಸೆ ತಡೆದುಕೊಂಡು ಉಳಿಯೋದುಂಟು. ಇನ್ನೂರು ವರ್ಷದ ಬೂರುಗಕ್ಕೆ, ಹಳೆಯ ಮಾವಿಗೆ ಅದನ್ನೇ ಮಾಡಿದರೆ ಅದು ಕೊಲೆ.

ಇದನ್ನು ತಡೆಯೋಕೆ ಆಗುತ್ತೆ, ಆಗಿದೆ ಕೂಡ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, 1,791 ಕೋಟಿ, 812 ಮರ. 2016ರ ಅಕ್ಟೋಬರ್ 16ರಂದು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್ 2ರಂದು ಸರ್ಕಾರವೇ ಅದನ್ನು ಕೈಬಿಟ್ಟಿತು. ಅದೇ ಹೆಬ್ಬಾಳ, ಅದೇ ದಾರಿ, ಈಗ ನೆಲದಡಿಯಿಂದ ಬರ್ತಿದೆ. ಮಾನವ ಸರಪಳಿ ಒಂದೇ ಗೆಲ್ಲಿಸಲಿಲ್ಲ ಅನ್ನೋದೂ ನೆನಪಿರಲಿ. ಹಸಿರು ನ್ಯಾಯಮಂಡಳಿಯಲ್ಲಿ, ಕೋರ್ಟಿನಲ್ಲಿ ಕಾಗದ ಹಿಡಿದು ನಿಂತವರಿದ್ದರು.

ಆದ್ದರಿಂದ ಈಗ ಕಾಗದದ ಕೆಲಸ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಅದಕ್ಕೆ ಅನುಮತಿ ಕೊಡೋ ಟ್ರೀ ಆಫೀಸರ್ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಸಿಗೋದು ಹತ್ತು ದಿನ. ಒಂದೇ ಯೋಜನೆಯ ಮರಗಳನ್ನು 45, 48 ಅಂತ ತುಂಡು ತುಂಡು ಅರ್ಜಿಯಲ್ಲಿ ತಂದರೆ ಪ್ರಕಟಣೆಯೇ ಬೇಡ. ಹಾಗಾಗಿ ಪ್ರತಿ ಸಣ್ಣ ಆದೇಶವನ್ನೂ ಕೂಡಿಸಿ ನೋಡುತ್ತಿರಬೇಕು. ಆಕ್ಷೇಪಣೆಯಲ್ಲಿ "ಪರಿಸರ ಉಳಿಸಿ" ಅಂತ ಬರೆದರೆ ಒಂದೇ ಸಾಲಿನಲ್ಲಿ ತಳ್ಳಿಹಾಕ್ತಾರೆ. ಕಾಂಡದ ಮೇಲೆ ಬಣ್ಣದಲ್ಲಿ ಬರೆದ ನಂಬರು, ಜಾತಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪ್ ಹಿಡಿದ ಸುತ್ತಳತೆ, ಗೂಡು ಇದ್ದರೆ ಫೋಟೊ, ಆ ಮರ ಉಳಿಸಿ ರಸ್ತೆ ಮಾಡೋಕೆ ಯಾಕೆ ಆಗಲ್ಲ ಅನ್ನೋ ಪ್ರಶ್ನೆ. ಪ್ರತಿ ಮರಕ್ಕೂ ಬೇರೆ ಬೇರೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಈಮೇಲ್ ಕಳಿಸಿದ್ದೀವಿ ಅಂತ ಸುಮ್ಮನಾದರೆ "ಬಂದಿಲ್ಲ" ಅಂತಾರೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಎಲ್ಲ ಒಂದರಲ್ಲೇ ಕೇಳಿದರೆ ವಾಪಸ್ ಕಳಿಸೋಕೆ ಅದೇ ನೆಪ. ಮೂರು ಅರ್ಜಿ ಹಾಕಿ. ಒಂದರಲ್ಲಿ ರ‍್ಯಾಂಪು, ಬಾವಿ, ಗಾಳಿ ಗೋಪುರ ಗುರುತಿಸಿದ ನಕ್ಷೆ. ಇನ್ನೊಂದರಲ್ಲಿ ಲಾಲ್‌ಬಾಗ್ ಸುತ್ತ ಎಷ್ಟು ಕಡೆ ನೆಲ ಕೊರೆದು ಪರೀಕ್ಷೆ ಮಾಡಿದ್ದಾರೆ, ಪ್ರತಿ ಕೊಳವೆಯಲ್ಲಿ ಎಷ್ಟು ಅಡಿಗೆ ಏನು ಸಿಕ್ಕಿತು ಅನ್ನೋ ದಾಖಲೆ. ಮೂರನೆಯದರಲ್ಲಿ ಮರ ಎಣಿಕೆ ಪಟ್ಟಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮಾರ್ಗ ಬದಲಾಯಿತು ಅನ್ನೋ ಬಾಯಿಮಾತು ನಂಬಿ ಕೂತರೆ ಕೆಟ್ಟೆವು. ಹೊಸ ನಕ್ಷೆ ಸಹಿ, ಸೀಲು ಸಮೇತ ಕೈಗೆ ಬರೋವರೆಗೆ ಹಳೆಯ ನಕ್ಷೆಯೇ ಜಾರಿಯಲ್ಲಿದೆ ಅಂತ ತಿಳಿಯಬೇಕು. ಹತ್ತು ದಿನದ ಗಡುವು ಶುರುವಾದ ಮೇಲೆ ಟೇಪ್ ಹುಡುಕಿಕೊಂಡು ಓಡಿದರೆ ಆಗಲ್ಲ. ಬೆಳಿಗ್ಗೆ ವಾಕಿಂಗ್ ಬರೋ ಗುಂಪುಗಳು ಗೋಡೆಯ ಒಳಬದಿ ಹಂಚಿಕೊಂಡು ಭಾನುವಾರಕ್ಕೆ ನೂರು ಮರ ಅಳೆದು ಬರೆದಿಡಲಿ. ಸಿದ್ದಾಪುರ ಗೇಟಿನ ಕಡೆಯಿಂದ ಶುರುವಾಗಲಿ.