ಬ್ರೇಕ್ ಹಾಕಿದಾಗ ಶಕ್ತಿ ನಾಶವಾಗುವುದಿಲ್ಲ
ಶಕ್ತಿಯ ರೂಪಗಳ ಬಗ್ಗೆ ನಿಮ್ಮ ಬರಹ ಚೆನ್ನಾಗಿದೆ. ಆದರೆ ಬ್ರೇಕ್ ಹಾಕಿದಾಗ ಚಲನ ಶಕ್ತಿ 'ನಾಶವಾಗುತ್ತದೆ' ಎಂಬ ಸಾಲನ್ನು ದಯವಿಟ್ಟು ತಿದ್ದಿ. ಅದು ಎಲ್ಲೂ ಹೋಗುವುದಿಲ್ಲ, ಶಾಖವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬಂದ ಸೈಕಲ್ಲಿನ ರಿಮ್ ಬಿಸಿಯಾಗಿರುತ್ತದೆ, ಅಲ್ವಾ? ಚಲನೆ ಹೀಗೆ ಶಾಖವಾಗುವುದನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಜೂಲ್. 1845ರಲ್ಲಿ ಕೆಳಗಿಳಿಯುವ ತೂಕಗಳಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದರು. ಏರಿಕೆ ತೀರಾ ಕಡಿಮೆ. ಒಂದು ಕಿಲೋ ನೀರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕಾದರೆ ಅಷ್ಟೇ ತೂಕ ಸುಮಾರು 427 ಮೀಟರ್ ಇಳಿಯಬೇಕು! ಅವರ ತಾಳ್ಮೆ ನೆನೆದರೆ ನನಗೆ ಇಂದಿಗೂ ಬೆರಗು. ಎಲೆಕ್ಟ್ರಿಕ್ ಕಾರುಗಳು ಬ್ರೇಕ್ ಹಾಕಿದಾಗ ಚಲನ ಶಕ್ತಿಯ ಒಂದು ಪಾಲನ್ನು ಮತ್ತೆ ಬ್ಯಾಟರಿಗೆ ತುಂಬುತ್ತವೆ. ಅದನ್ನೂ ಸೇರಿಸಿ.