ಕಿಟ್ಟನಿಗೆ ಬೊಂಡ ಕೊಡಬಹುದಾ?

ಉಡುಪಿಯಲ್ಲಿ ಯಾರಿಗಾದರೂ ಉಚ್ಚೆ ಸರಿಯಾಗಿ ಹೋಗುತ್ತಿಲ್ಲ ಅಂತ ಗೊತ್ತಾದರೆ ಸಾಕು, ಊರಿಗೆ ಊರೇ ವೈದ್ಯರ ವೇಷ ಹಾಕುತ್ತದೆ. ಬಾರ್ಲಿ ನೀರು, ಕೊತ್ತಂಬರಿ ಕಷಾಯ, ಬಾಳೆದಿಂಡಿನ ರಸ, ಎಲ್ಲಕ್ಕಿಂತ ಮೇಲೆ ಬೊಂಡ, ಅಂದರೆ ಎಳನೀರು. ರೋಗಿ ಬೆಕ್ಕು ಅಂತ ಹೇಳಿದರೂ ಪಟ್ಟಿ ಬದಲಾಗುವುದಿಲ್ಲ. ಪ್ರಮಾಣ ಮಾತ್ರ ಸ್ವಲ್ಪ ಕಮ್ಮಿ.

ಕಿಟ್ಟ ನಮಗೆ ಸಿಕ್ಕಿದ್ದು ದುಬೈಗೆ ಕೆಲಸಕ್ಕೆ ಹೊರಟ ಗೆಳೆಯನಿಂದ. ಗಂಡು, ಆಪರೇಷನ್ ಆದವನು, ಹೊಟ್ಟೆ ನೆಲ ಒರೆಸುತ್ತದೆ. ಜೊತೆಗೆ ಮರಳಿನ ಟ್ರೇ ಮತ್ತು ಒಂದು ದೊಡ್ಡ ಚೀಲ ಡ್ರೈ ಫುಡ್. ಮೊದಲಿನ ಹೆಸರು ಇಂಗ್ಲಿಷಿನದು, ಅಮ್ಮನ ಬಾಯಿಗೆ ಹತ್ತಲಿಲ್ಲ. ಬಂದ ಸಂಜೆಯೇ ಬೆಣ್ಣೆಯ ಪಾತ್ರೆಗೆ ಮೂತಿ ಹಾಕಿದ. ಕೃಷ್ಣ ಮಠದ ಊರಿನಲ್ಲಿ ಬೆಣ್ಣೆ ಕದ್ದವನಿಗೆ ಬೇರೆ ಹೆಸರು ಇಡುವುದುಂಟಾ?

ಕೆಲವು ದಿನ ಕಳೆದ ಮೇಲೆ ಕಿಟ್ಟ ಟ್ರೇಯಲ್ಲಿ ಕೂತು ತಿಣುಕತೊಡಗಿದ. ಕೂರುತ್ತಾನೆ, ಏಳುತ್ತಾನೆ, ಮತ್ತೆ ಹೋಗಿ ಕೂರುತ್ತಾನೆ. "ಮಲಬದ್ಧತೆ, ಮತ್ತೆಂತ?" ಅಂತ ಅಮ್ಮ ಹರಳೆಣ್ಣೆ ಬಾಟಲಿ ಹಿಡಿದು ಬಂದರು. ನನ್ನ ಹೆಂಡತಿ ಅಡ್ಡ ನಿಂತಳು. ಅತ್ತೆ ಸೊಸೆ ಚಾವಡಿಯಲ್ಲಿ ವಾದ ಮಾಡುತ್ತಿರುವಾಗ ಕಿಟ್ಟ ಒಳಗೆ ಹೋಗಿ, ಅಪ್ಪನ ಇಸ್ತ್ರಿ ಮಾಡಿದ ಬಿಳಿ ಪಂಚೆಯ ಮೇಲೆ ಕೂತು ವಾದ ಮುಗಿಸಿದ. ಪಂಚೆಯಲ್ಲಿ ನಾಲ್ಕೇ ಹನಿ. ಬಣ್ಣ ತಿಳಿ ಗುಲಾಬಿ. ಬಣ್ಣದ ಲುಂಗಿ ಆಗಿದ್ದರೆ ರಕ್ತ ಹೋಗುವುದು ಯಾರಿಗೂ ಕಾಣುತ್ತಿರಲಿಲ್ಲ. ಅಪ್ಪ ಈಗಲೂ ಈ ರೋಗ ಕಂಡುಹಿಡಿದದ್ದು ತನ್ನ ಪಂಚೆ ಅಂತಲೇ ಹೇಳುತ್ತಾರೆ.

ಡಾಕ್ಟರ್ ಕಿಟ್ಟನ ಹೊಟ್ಟೆ ಒತ್ತಿ ನೋಡಿದರು. "ಪುಣ್ಯ, ಮೂತ್ರಚೀಲ ಮೆತ್ತಗಿದೆ. ಪೂರ್ತಿ ಕಟ್ಟಿಲ್ಲ" ಅಂದರು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ ಅಂತೆ. ಹರಳು, ಲೋಳೆ ಸೇರಿ ಅಡ್ಡ ಕೂತರೆ ಉಚ್ಚೆ ನಿಂತೇ ಹೋಗುತ್ತದೆ. ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯಕ್ಕೇ ಪೆಟ್ಟು. ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. "ತಿಣುಕಿದರೂ ಹನಿ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಹೊರಡಿ" ಅಂದರು. ಅಲ್ಲಿಯವರೆಗೆ ನಗುತ್ತಿದ್ದ ನಾವು ಸುಮ್ಮನಾದೆವು.

ಆಗ ಅಪ್ಪ ಬಾಯಿ ಬಿಟ್ಟರು. "ಡಾಕ್ಟ್ರೇ, ಬೊಂಡ ಕೊಡಬಹುದಾ?"

"ಬೊಂಡದಲ್ಲಿ ತುಂಬಿರುವುದೇ ಪೊಟ್ಯಾಶಿಯಂ ಮಾರಾಯ್ರೆ! ಉಚ್ಚೆ ಕಟ್ಟಿದ ಬೆಕ್ಕಿಗೆ ಅದು ಔಷಧ ಅಲ್ಲ, ವಿಷ."

ಅಪ್ಪನಿಗೆ ಆ ಹೊತ್ತು ಆದ ಬೇಸರ ಹೇಳುವ ಹಾಗಿಲ್ಲ. ಅವರಿಗೂ ಹಿಂದೊಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅದು ಬೊಂಡದಿಂದಲೇ ಹೋಯಿತು ಅಂತ ಅವರ ನಂಬಿಕೆ.

ಪರೀಕ್ಷೆಗೆ ಉಚ್ಚೆ ಬೇಕಿತ್ತು. ಕಿಟ್ಟನ ಚೀಲ ಖಾಲಿ. ಸೂಜಿ ಹಾಕಿ ತೆಗೆಯಲೂ ಏನಿಲ್ಲ. ಮನೆಯಲ್ಲಿ ಹಿಡಿದು ತನ್ನಿ, ಬಿಸಿಬಿಸಿ ಇರುವಾಗಲೇ ತನ್ನಿ ಅಂದರು. ಫ್ರಿಜ್ಜಿನಲ್ಲಿ ಇಟ್ಟರೆ ಇಲ್ಲದ ಹರಳೂ ಅದರಲ್ಲಿ ಹುಟ್ಟಿಕೊಳ್ಳುತ್ತದಂತೆ. ಈ ಒಂದು ಮಾತಿಗೆ ಅಮ್ಮ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದಿರಬೇಕು. ಆದರೆ ಹಿಡಿಯುವುದು ಯಾವುದರಲ್ಲಿ? ಅಡುಗೆಮನೆಯ ಸೌಟು ಮುಟ್ಟಿದರೆ ಜಾಗ್ರತೆ ಅಂತ ಆಜ್ಞೆಯಾಯಿತು. ಹೆಂಡತಿ ರಥಬೀದಿಯ ಹತ್ತಿರದ ಪಾತ್ರೆ ಅಂಗಡಿಗೆ ಹೋಗಿ ಉದ್ದ ಹಿಡಿಯ ಸ್ಟೀಲ್ ಸೌಟು ಕೇಳಿದಳು. ಅಂಗಡಿಯವರು, "ಸಾರಿಗಾ, ಪಾಯಸಕ್ಕಾ?" ಅಂದರಂತೆ. ಇವಳು ಒಂದು ಕ್ಷಣ ಯೋಚಿಸಿ, "ಸಾರಿಗೆ" ಅಂದಳಂತೆ.

ಸೌಟು ಹಿಡಿದವರು ಹಿಂದೆ ಬಂದರೆ ಯಾವ ಬೆಕ್ಕು ಉಚ್ಚೆ ಹೊಯ್ಯುತ್ತದೆ? ಅವನು ನಡೆದಲ್ಲಿ ಇವಳು, ಇವಳು ನಿಂತಲ್ಲಿ ಅವನು. ಕೊನೆಗೆ ಬಚ್ಚಲ ತಂಪು ನೆಲದ ಮೇಲೆ ಕೆಲಸ ಆಯಿತು. ನಾನು ಅದನ್ನು ಸಣ್ಣ ಬಾಟಲಿಗೆ ಸುರಿದು ಅಂಗಿ ಜೇಬಿನಲ್ಲಿ ಇಟ್ಟು ಸ್ಕೂಟರ್ ಓಡಿಸಿದೆ. ದಾರಿಯಲ್ಲಿ ಪರಿಚಯದವರು ಕೈ ಅಡ್ಡ ಹಿಡಿದು, "ಎಂತ, ತೀರ್ಥವಾ?" ಅಂದರು. ಉತ್ತರ ಹೇಳುವಷ್ಟು ಸಮಯ ಇರಲಿಲ್ಲ.

ಸಿಕ್ಕಿದ್ದು ಸ್ಟ್ರುವೈಟ್ ಹರಳು. ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಸೇರಿದ್ದು. ಸರಿಯಾದ ಆಹಾರ ಕೊಟ್ಟರೆ ಕರಗುತ್ತದೆ. "ನನ್ನದೂ ಇದೇನಾ?" ಅಂತ ಅಪ್ಪ ಕೇಳಿದರು. ಮನುಷ್ಯರಲ್ಲಿ ಜಾಸ್ತಿ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್, ಅದು ಊಟ ಬದಲಿಸಿದರೆ ಕರಗುವ ಪೈಕಿ ಅಲ್ಲ ಅಂತ ಉತ್ತರ ಬಂತು. ಬೆಕ್ಕಿನ ಕಲ್ಲು ತನ್ನದಕ್ಕಿಂತ ವಾಸಿ ಅಂತ ಅಪ್ಪನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಎಲ್ಲದರ ಮೂಲ ನೀರು. ಬೆಕ್ಕಿನ ಪೂರ್ವಜರು ಆಫ್ರಿಕಾ, ಪಶ್ಚಿಮ ಏಷ್ಯಾ ಕಡೆಯ ಒಣ ನೆಲದ ಕಾಡುಬೆಕ್ಕುಗಳು. ಬೇಟೆಯ ಮಾಂಸದಲ್ಲಿದ್ದ ನೀರೇ ಅವಕ್ಕೆ ಹೆಚ್ಚುಕಮ್ಮಿ ಸಾಕಾಗುತ್ತಿತ್ತು. ಹಾಗಾಗಿ ಬಾಯಾರಿಕೆ ಕಮ್ಮಿ, ಉಚ್ಚೆ ಗಟ್ಟಿ. ಡ್ರೈ ಫುಡ್ಡಿನಲ್ಲಿ ನೀರು ನೂರಕ್ಕೆ ಹತ್ತರಷ್ಟು. ವೆಟ್ ಫುಡ್ಡಿನಲ್ಲಿ 75ರಿಂದ 80. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ ಕೂತು ನಮ್ಮ ಕಿಟ್ಟ ಮರುಭೂಮಿಯ ಸಂಸಾರ ನಡೆಸುತ್ತಿದ್ದ! ಊಟದ ತಟ್ಟೆಯ ಪಕ್ಕ ಇಟ್ಟ ನೀರು ಅವನಿಗೆ ಬೇಡ. ಅದಕ್ಕೆ ಮನೆಯ ಮೂಲೆಮೂಲೆಯಲ್ಲಿ ಅಗಲ ಬಾಯಿಯ ಪಾತ್ರೆ ಇಟ್ಟೆವು. ರಾತ್ರಿ ಎದ್ದವರೆಲ್ಲ ಅದರಲ್ಲಿ ಕಾಲು ತೊಳೆದರು. ಕಿಟ್ಟ ಕುಡಿದದ್ದು ತುಳಸಿಕಟ್ಟೆಯ ಕೆಳಗೆ ನಿಂತ ನೀರು.

ವೆಟ್ ಫುಡ್ ಅಂದರೆ ಕೋಳಿ, ಮೀನು. ನಮ್ಮ ಅಡುಗೆಮನೆಗೆ ಮೊಟ್ಟೆಯೂ ಬಂದದ್ದಿಲ್ಲ. "ಮೊಸರನ್ನ ತಿಂದು ನಾವೆಲ್ಲ ಬದುಕಿಲ್ವಾ?" ಅಂದರು ಅಮ್ಮ. ಬೆಕ್ಕಿಗೆ ಟಾರಿನ್ ಅನ್ನುವ ಒಂದು ವಸ್ತು ಬೇಕೇ ಬೇಕು, ಅದು ಇರುವುದು ಮಾಂಸದಲ್ಲಿ, ಇಲ್ಲದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ ಅಂತ ಹೆಂಡತಿ ವಿವರಿಸಿದಳು. ಕಣ್ಣು ಅಂದದ್ದೇ ಅಮ್ಮ ಕರಗಿದರು. ಹಿಂದಿನ ಜಗಲಿ ಮಂಜೂರಾಯಿತು. ತಟ್ಟೆ ಬೇರೆ, ಚಮಚ ಬೇರೆ, ತೊಳೆಯುವ ನಳ್ಳಿ ಬೇರೆ. ಹೊಸ ಊಟ ಕಿಟ್ಟನಿಗೆ ಸೇರಲಿಲ್ಲ. "ಹಸಿದರೆ ತಿಂತಾನೆ, ಬಿಡಿ" ಅನ್ನುವ ಹಾಗೂ ಇಲ್ಲ. ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಲಿವರ್ ಕೆಡುತ್ತದಂತೆ. ಏಕಾದಶಿ ಮಾಡುವ ಮನೆಯಲ್ಲಿ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ಹಳೆಯದಕ್ಕೆ ಸ್ವಲ್ಪ ಸ್ವಲ್ಪ ಹೊಸದು ಬೆರೆಸಿ ದಾಟಿಸಿದೆವು.

ಆಚೆ ಮನೆಯ ಬಾಯಮ್ಮನದ್ದು ಬೇರೆಯೇ ಪ್ರೀತಿ. ಬಂಗುಡೆಯ ತಲೆ, ಮುಳ್ಳು ಎಲ್ಲ ಬೇಲಿ ದಾಟಿ ಬರುತ್ತಿತ್ತು. ಮುಳ್ಳಿನಲ್ಲೂ ಅದೇ ಫಾಸ್ಫರಸ್, ಮೆಗ್ನೀಷಿಯಂ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ, ಆಗಲಾದರೂ ಬಚಾವ್ ಅಂದುಕೊಂಡರೆ ಅವರ ಹತ್ತಿರ ಒಣಮೀನಿನ ದಾಸ್ತಾನು. "ಪಾಪದ ಜೀವ, ಬಾಯಿ ಕಟ್ಟಿಸ್ತೀರಲ್ಲ" ಅಂತ ನಮಗೇ ಬೈಗುಳ.

ಈಗ ಲೆಕ್ಕ ಇಡುವುದು ಅಪ್ಪನ ಕೆಲಸ. ಟ್ರೇಯ ಮರಳು ಒದ್ದೆಯಾದರೆ ಉಂಡೆ ಕಟ್ಟುತ್ತದೆ. ಉಂಡೆ ದೊಡ್ಡದಾದಷ್ಟೂ ಶುಭ. ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಕಾಲಂ ಎಳೆದಿದ್ದಾರೆ. ಮೊನ್ನೆ ಸತ್ಯನಾರಾಯಣ ಪೂಜೆ. ಮಂಗಳಾರತಿ ಮುಗಿದು ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದೆವು. ಹಿಂದಿನ ಜಗಲಿಯಿಂದ ಅಪ್ಪ ಕೂಗಿದರು: "ಮಾಡಿದ! ಒಳ್ಳೇ ಲಡ್ಡಿನಷ್ಟು ದೊಡ್ಡದು!"

ಭಟ್ಟರು ಪ್ರಸಾದದ ಬಟ್ಟಲು ಹಿಡಿದವರು ಹಾಗೇ ನಿಂತರು. ಅಮ್ಮ ನಾಚಿಕೆಯಿಂದ ವಿಷಯ ಹೇಳಿದರು. ಭಟ್ಟರು ಬಟ್ಟಲು ಕೆಳಗಿಟ್ಟು, ಜಗಲಿಗೆ ಹೋಗಿ, ಫುಡ್ಡಿನ ಪ್ಯಾಕೆಟ್ಟಿನ ಫೋಟೋ ಹೊಡೆದುಕೊಂಡರು. ಅವರ ಮನೆಯಲ್ಲೂ ಒಂದು ಗಂಡು ಬೆಕ್ಕು ಉಂಟಂತೆ. ಬಾರ್ಲಿ ನೀರಿನಲ್ಲಿದೆ.