ಹೆಡ್ ಇಳಿಸೋಕೆ ಒಪ್ಪುವ ಮೊದಲು ಒಂದು ಪ್ರೆಶರ್ ಟೆಸ್ಟ್ ಕೇಳಿ

ಸಕಲೇಶಪುರದ ಚಳಿಯಲ್ಲಿ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಪ್ರತಿ ವರ್ಷ ಬರುತ್ತದೆ. ಅದಕ್ಕೆ ನಾನು ಯಾವತ್ತೂ ತಲೆಕೆಡಿಸಿಕೊಂಡವನಲ್ಲ. ಆದರೆ ಹೋದ ಡಿಸೆಂಬರಿನಲ್ಲಿ ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿದಿತ್ತು. ತುಂಬಿಸಿದೆ. ವಾರದಲ್ಲಿ ಮತ್ತೆ ಇಳಿಯಿತು. ಆಗ ಭಯವಾಯಿತು.

ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಹುಡುಗ ಡಬ್ಬಿ ನೋಡಿದ, ಹಿಂದೆ ಹೋಗಿ ಹೊಗೆ ನೋಡಿದ. ಎರಡು ನಿಮಿಷವೂ ಆಗಿರಲಿಲ್ಲ. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಬೇಕು. 35 ಸಾವಿರ ಇಟ್ಕೊಳ್ಳಿ" ಅಂದ. ಹೆಡ್ ಅಂದರೆ ಇಂಜಿನ್ನಿನ ಮೇಲಿನ ಭಾಗ, ಗ್ಯಾಸ್ಕೆಟ್ ಅಂದರೆ ಅದರ ಅಡಿಗೆ ಸೋರದಂತೆ ಇಡುವ ತೆಳು ಹಾಳೆ. ಅದು ಹೋದರೆ ಕೂಲೆಂಟ್ ಸಿಲಿಂಡರಿಗೆ ಇಳಿದು ಬಿಳಿ ಹೊಗೆಯಾಗುತ್ತದೆ. ನಾನು ಹೂಂ ಅನ್ನುವುದರಲ್ಲಿದ್ದೆ. ಹೆಂಡತಿಯೇ ತಡೆದಳು. ಹಾಸನದಲ್ಲೂ ಒಂದ್ಸಲ ತೋರಿಸೋಣ, ಅವಸರ ಏನಿದೆ ಅಂದಳು.

ಹಾಸನದ ಮೇಸ್ತ್ರಿ ಬಾನೆಟ್ ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು. "ಹೊಗೆ ಎಷ್ಟು ಹೊತ್ತು ಇರುತ್ತೆ ಸಾರ್?" ಇಂಜಿನ್ ಬಿಸಿಯಾದ ಮೇಲೆ ಕಾಣಲ್ಲ ಅಂದೆ. "ಹಂಗಾದ್ರೆ ಅದು ಹಬೆ, ಬಿಡಿ" ಅಂದರು.

ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು! ಅದು ಹಬೆಯಾಗಿ ಹೊರಗೆ ಬರುತ್ತದೆ. ಚಳಿಗೆ ಬೆಳ್ಳಗೆ ಕಾಣುತ್ತದೆ, ಪೈಪಿನ ತುದಿಯಲ್ಲಿ ಹನಿಯೂ ತೊಟ್ಟಿಕ್ಕುತ್ತದೆ. ಪೈಪು ಕಾದರೆ ಮಾಯ. ಕೂಲೆಂಟ್ ಉರಿಯುವ ಹೊಗೆ ಹಾಗಲ್ಲ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಲೇ ಇರುತ್ತದೆ, ಬೇಗ ಚದುರುವುದಿಲ್ಲ, ಸಿಹಿ ವಾಸನೆ ಬರುತ್ತದೆ. ಡೀಸೆಲ್ ಗಾಡಿಯಾದರೆ ಇನ್ನೊಂದು ವಿಷಯ ನೆನಪಿಡಿ. ಬಿಳಿ ಹೊಗೆಗೆ ಕಣ್ಣು ಉರಿದು, ಹಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ತಣ್ಣಗಿರುವ ಇಂಜಿನ್ನಿಗೆ ಶಾಖ ಕೊಡುವ ಗ್ಲೋ ಪ್ಲಗ್ ಕಡೆ ನೋಡಬೇಕು. ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಭಾಗ) ಒಳಗೆ ಸೋರಿದರೂ ಕೂಲೆಂಟ್ ಇಳಿಯುತ್ತದೆ, ಬಿಳಿ ಹೊಗೆ ಬರುತ್ತದೆ. ಅದಕ್ಕೂ ಹೆಡ್ ಗ್ಯಾಸ್ಕೆಟ್ಟಿಗೂ ಸಂಬಂಧವೇ ಇಲ್ಲ.

ಸರಿ, ಹೊಗೆ ಹಬೆ. ಆದರೆ ಕೂಲೆಂಟ್ ಎಲ್ಲಿಗೆ ಹೋಯಿತು? ಮನೆಯ ಅಂಗಳದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ಮೇಸ್ತ್ರಿ ಇಂಜಿನ್ ತಣ್ಣಗಾಗುವ ತನಕ ಕಾದರು. ಕೂಲೆಂಟ್ ಮುಚ್ಚಳ ತೆಗೆದು, ಆ ಜಾಗಕ್ಕೆ ಮೀಟರ್ ಇರುವ ಒಂದು ಕೈಪಂಪು ಕೂರಿಸಿದರು. ಇದೇ ಪ್ರೆಶರ್ ಟೆಸ್ಟ್. ಮುಚ್ಚಳದ ಮೇಲೆ 1.1 ಅಂತ ಬರೆದಿತ್ತು, ಅಂದರೆ 1.1 ಬಾರ್. ಅಷ್ಟೇ ಒತ್ತಡ ಬರುವವರೆಗೆ ಪಂಪು ಹೊಡೆದು ಸುಮ್ಮನೆ ನಿಂತರು. ಮುಳ್ಳು ಮೆಲ್ಲಗೆ ಕೆಳಗೆ ಜಾರತೊಡಗಿತು. ಟಾರ್ಚ್ ಹಿಡಿದು ಹೋಸ್, ಕ್ಲಿಪ್, ರೇಡಿಯೇಟರ್ ಎಲ್ಲ ನೋಡಿದರು. ಕೊನೆಗೆ ಗಾಡಿ ಎತ್ತಿ ಕೆಳಗಿನ ಗಾರ್ಡ್ ಬಿಚ್ಚಿದರು. ಅದರ ಮೇಲೆ ಹಸಿರು ಪುಡಿ ಒಣಗಿ ಕೂತಿತ್ತು, ಥೇಟ್ ತಾಮ್ರದ ಚೊಂಬಿಗೆ ಕಿಲುಬು ಕಟ್ಟಿದ ಹಾಗೆ. ವಾಟರ್ ಪಂಪಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದರೆ ಕೂಲೆಂಟ್ ಅಲ್ಲಿಂದ ಹೊರಗೆ ಬರಲಿ ಅಂತಲೇ ಇಟ್ಟಿರುವುದು. ಅಲ್ಲಿ ಹನಿ ನಿಂತಿತ್ತು. ಓಡುವಾಗ ಒತ್ತಡಕ್ಕೆ ಸೋರಿ, ಬಿಸಿಗೆ ಅಲ್ಲೇ ಒಣಗುತ್ತಿತ್ತು. ನೆಲಕ್ಕೆ ಬಿದ್ದರೆ ತಾನೇ ಕಾಣುವುದು!

ಪಂಪು, ಟೈಮಿಂಗ್ ಬೆಲ್ಟ್ ಎರಡೂ ಬದಲಾಯಿಸಿದರು. ಹೆಡ್ ಮುಟ್ಟಲೇ ಇಲ್ಲ.

ನನಗೆ ಬೇಜಾರು 35 ಸಾವಿರದ ಬಗ್ಗೆ ಅಲ್ಲ. ಹೆಡ್ ಇಳಿಸುವುದು ಅಂದರೆ ಇಂಜಿನ್ನಿಗೆ ದೊಡ್ಡ ಆಪರೇಷನ್ ಇದ್ದ ಹಾಗೆ. ಬೋಲ್ಟುಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿಯದಿದ್ದರೆ ಚೆನ್ನಾಗಿದ್ದ ಇಂಜಿನ್ನೂ ಕೆಡುತ್ತದೆ. ಅಂಥ ಕೆಲಸವನ್ನು ಬರೀ ಹೊಗೆ ನೋಡಿ ಹೇಳುವುದು ತಪ್ಪು. ಪ್ರೆಶರ್ ಟೆಸ್ಟ್ ಹೆಚ್ಚು ಹೊತ್ತಿನ ಕೆಲಸವೇ ಅಲ್ಲ. ಗ್ಯಾಸ್ಕೆಟ್ ಮೇಲೆ ಅನುಮಾನ ಇದ್ದರೆ ಇನ್ನೊಂದು ಟೆಸ್ಟ್ ಇದೆ. ಒಂದು ನೀಲಿ ದ್ರವದ ಮೂಲಕ ರೇಡಿಯೇಟರ್ ಬಾಯಿಯ ಗಾಳಿ ಹಾಯಿಸುತ್ತಾರೆ. ಸಿಲಿಂಡರಿನ ಗ್ಯಾಸ್ ಸೇರಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಇವೆರಡನ್ನೂ ಕೇಳಿ ಮಾಡಿಸಿಕೊಳ್ಳಿ. ಕೇಳೋದಕ್ಕೆ ಸಂಕೋಚ ಬೇಡ.

ಹಾಗಂತ ಗ್ಯಾಸ್ಕೆಟ್ ಹೋಗುವುದೇ ಇಲ್ಲ ಅಂತಲ್ಲ. ನಮ್ಮ ಭಾವನ ಕಾರಿನಲ್ಲಿ ನಿಜವಾಗಿಯೂ ಹೋಗಿತ್ತು, ಅದೂ ನಿರ್ಲಕ್ಷ್ಯದಿಂದ. ಕೂಲೆಂಟ್ ಇಳಿದಾಗೆಲ್ಲ "ನೀರು ತಾನೇ, ಹಾಕ್ಕೊಂಡ್ರಾಯ್ತು" ಅಂತ ಮೂರು ತಿಂಗಳು ಬೋರ್‌ವೆಲ್ ನೀರು ಹಾಕಿ ಓಡಿಸಿದರು. ಒಂದು ದಿನ ಮಂಗಳೂರಿಂದ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಇನ್ನು ಸ್ವಲ್ಪ ದೂರ ತಾನೇ ಅಂತ ಹಾಗೇ ಹತ್ತಿಸಿದರು. ಮರುದಿನ ನಾನೇ ಆಯಿಲ್ ಮುಚ್ಚಳ ತಿರುಗಿಸಿದೆ. ಅದರ ಅಡಿಗೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಬೆಣ್ಣೆಯಂಥದ್ದು ಮೆತ್ತಿಕೊಂಡಿತ್ತು. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲೂ ಅದೇ. ಆಯಿಲ್ಲಿಗೆ ನೀರು ಸೇರಿತ್ತು. ಹೆಡ್ ಬೆಂಡ್ ಆಗಿತ್ತು, ಬೇರಿಂಗ್‌ಗಳೂ ಹೋಗಿದ್ದವು. (ಚಳಿಯ ಊರಲ್ಲಿ ದಿನಾ ಸ್ವಲ್ಪ ಸ್ವಲ್ಪ ದೂರ ಓಡಿಸುವವರಿಗೆ ಮುಚ್ಚಳದಲ್ಲಿ ಮಾತ್ರ ಕೆನೆ ಕಟ್ಟುವುದುಂಟು. ಅದಕ್ಕೇ ಡಿಪ್‌ಸ್ಟಿಕ್ಕೂ ನೋಡಬೇಕು.)

ದಾರಿಯಲ್ಲಿ ಕೈಕೊಟ್ಟಾಗ ನೀರು ಹಾಕಿ ಮನೆ ಸೇರುವುದು ಬೇರೆ, ಅದನ್ನೇ ಅಭ್ಯಾಸ ಮಾಡಿಕೊಳ್ಳುವುದು ಬೇರೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆತರೆ ಸುಮಾರು 107, ಮುಚ್ಚಳದ ಒತ್ತಡವೂ ಸೇರಿದರೆ 120 ದಾಟುತ್ತದೆ. ಬೋರ್ ನೀರಿನ ಗಡಸು ಒಳಗೆಲ್ಲ ಪದರ ಕಟ್ಟುತ್ತದೆ, ತುಕ್ಕು ಹಿಡಿಸುತ್ತದೆ. "ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕ್ಸಿ, ಹೀಟೇ ಆಗಲ್ಲ" ಅನ್ನುವವರ ಮಾತನ್ನೂ ದಯವಿಟ್ಟು ಕೇಳಬೇಡಿ. ಅದು ಇಂಜಿನ್ ಕಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ಅದನ್ನು ಕಿತ್ತರೂ ಸೋರುವ ಜಾಗ ಸೋರುತ್ತಲೇ ಇರುತ್ತದೆ.

ಬಿಸಿ ಇಂಜಿನ್ನಿನ ಕೂಲೆಂಟ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಮುಖ ಕೈ ಬೆಂದು ಹೋಗುತ್ತದೆ. ಮನೆಯಲ್ಲಿ ನಾಯಿ, ಮಕ್ಕಳು ಇದ್ದರೆ ನೆಲಕ್ಕೆ ಬಿದ್ದ ಕೂಲೆಂಟನ್ನು ಕೂಡಲೇ ತೊಳೆಯಿರಿ. ರುಚಿ ಸಿಹಿ, ಆದರೆ ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ವಿಷ.